ವಯಸ್ಸು ಬೇರೆ, ಅನುಭವ ಬೇರೆ



"ನಮ್ಮ ವಯಸ್ಸಿಗೆ ಬಾ, ಆಮೇಲೆ ನಿನಗೂ ತಿಳಿಯುತ್ತದೆ." ಈ ಮಾತು ಕೇಳಿಸದ ಮನೆ ನಮ್ಮಲ್ಲಿ ಬಹುಶಃ ಇಲ್ಲ. ಮಗ ಮೀಸಲಾತಿಯ ಬಗ್ಗೆ ಒಂದು ಮಾತು ಆಡಿದರೆ, ಮಗಳು ತನ್ನ ಮದುವೆಯ ಬಗ್ಗೆ ಒಂದು ಮಾತು ಆಡಿದರೆ, ಮಠದ ಸಭೆಯಲ್ಲಿ ತರುಣನೊಬ್ಬ ಎದ್ದು ನಿಂತು ಪ್ರಶ್ನೆ ಕೇಳಿದರೆ, ಹಿರಿಯರಿಂದ ಬರುವ ಕೊನೆಯ ಉತ್ತರ ಇದೇ. ಇದು ಬಂದ ಮೇಲೆ ಚರ್ಚೆ ಮುಂದುವರಿಯುವುದಿಲ್ಲ. ಚಿಕ್ಕವರು ಎದ್ದು ಹೋಗುತ್ತಾರೆ. ದೊಡ್ಡವರು ಗೆದ್ದೆವೆಂದು ತಿಳಿಯುತ್ತಾರೆ.

ಈ ಮಾತಿನೊಳಗೆ ಎರಡು ಹೇಳಿಕೆಗಳಿವೆ. ವಯಸ್ಸಾದಂತೆ ಮನುಷ್ಯನ ರಾಜಕೀಯ ಅಭಿಪ್ರಾಯ ಬದಲಾಗುತ್ತದೆ ಎಂಬುದು ಒಂದು. ಹಾಗೆ ಬದಲಾದ ಅಭಿಪ್ರಾಯವೇ ಹೆಚ್ಚು ಸರಿಯಾದದ್ದು ಎಂಬುದು ಇನ್ನೊಂದು. ಮೊದಲನೆಯದು ಅಲ್ಪಸ್ವಲ್ಪ ನಿಜ. ಎರಡನೆಯದಕ್ಕೆ ಪುರಾವೆ ಬೇಕು. ಅರವತ್ತು ದಾಟಿದವನಾಗಿ, ನಿವೃತ್ತ ಎಂಜಿನಿಯರ್ ಆಗಿ, ಈ ಎರಡನೆಯ ಹೇಳಿಕೆಯನ್ನು ನಾವು ಹಿರಿಯರೇ ಪರೀಕ್ಷೆಗೆ ಒಡ್ಡಬೇಕು ಎಂಬುದು ನನ್ನ ವಿನಂತಿ.

ಮೊದಲು, ವಯಸ್ಸು ನಿಜವಾಗಿ ಎಷ್ಟು ಬದಲಿಸುತ್ತದೆ? ಅಮೆರಿಕದ ವರ್ಮಾಂಟ್ ರಾಜ್ಯದ ಬೆನ್ನಿಂಗ್ಟನ್ ಎಂಬಲ್ಲಿ 1932ರಲ್ಲಿ ಹೆಣ್ಣುಮಕ್ಕಳ ಕಾಲೇಜೊಂದು ಆರಂಭವಾಯಿತು. ಅಲ್ಲಿಗೆ ಬಂದ ವಿದ್ಯಾರ್ಥಿನಿಯರು ಬಹುಪಾಲು ಶ್ರೀಮಂತ, ಸಂಪ್ರದಾಯಸ್ಥ ಮನೆಗಳವರು. ಬೋಧಕರು ಉದಾರವಾದಿಗಳು. ದೇಶದಲ್ಲಿ ಆರ್ಥಿಕ ಮಹಾಕುಸಿತದ ಕಾಲ. ಓದು ಮುಗಿಸುವ ಹೊತ್ತಿಗೆ ಆ ಹುಡುಗಿಯರಲ್ಲಿ ಹಲವರ ರಾಜಕೀಯ ನಿಲುವು ತಂದೆತಾಯಿಯರ ನಿಲುವಿನಿಂದ ದೂರ ಸರಿದಿತ್ತು. ಥಿಯೋಡೋರ್ ನ್ಯೂಕಾಂಬ್ ಎಂಬ ಸಮಾಜಮನೋವಿಜ್ಞಾನಿ ಇದನ್ನು ಅಧ್ಯಯನ ಮಾಡಿದರು. 1960ರ ಸುಮಾರಿಗೆ ಅದೇ ಹೆಣ್ಣುಮಕ್ಕಳನ್ನು ಮತ್ತೆ ಮಾತನಾಡಿಸಿದರು. 1984ರಲ್ಲಿ, ಅವರೆಲ್ಲ ಅಜ್ಜಿಯರಾದ ಕಾಲಕ್ಕೆ, ಮತ್ತೊಮ್ಮೆ ಅಧ್ಯಯನ ನಡೆಯಿತು. ಬಹುಪಾಲು ಮಂದಿ ಕಾಲೇಜಿನ ದಿನಗಳಲ್ಲಿ ತಳೆದ ನಿಲುವನ್ನೇ ಉಳಿಸಿಕೊಂಡಿದ್ದರು. ಯಾರ ಗಂಡ, ಗೆಳತಿಯರು, ನೆರೆಹೊರೆಯವರು ಅದೇ ನಿಲುವಿನವರಾಗಿದ್ದರೋ ಅವರಲ್ಲಿ ಅದು ಹೆಚ್ಚು ಗಟ್ಟಿಯಾಗಿ ಉಳಿದಿತ್ತು.

ಇದು ಒಂದು ದೇಶದ, ಒಂದು ಕಾಲೇಜಿನ ವಿಷಯ. ಆದರೂ ಇದರಿಂದ ನಮಗೆ ಒಂದು ಪಾಠವಿದೆ. ಕೂದಲು ಬೆಳ್ಳಗಾಗುವಂತೆ ಅಭಿಪ್ರಾಯ ತಾನಾಗಿಯೇ ಬದಲಾಗುವುದಿಲ್ಲ. ಬದಲಾದರೆ ಅದಕ್ಕೆ ಕಾರಣವಿರುತ್ತದೆ, ಬದಲಾಗದಿದ್ದರೂ ಕಾರಣವಿರುತ್ತದೆ. ನಾನು ಕಂಡಂತೆ ಆ ಕಾರಣಗಳು ಮೂರು: ಹಿತ, ಸಂಗ, ಅನುಭವ. ಮೂರಕ್ಕೂ ನಾವು "ವಯಸ್ಸು" ಎಂಬ ಒಂದೇ ಹೆಸರು ಕೊಟ್ಟುಬಿಟ್ಟಿದ್ದೇವೆ. ಗೊಂದಲವೆಲ್ಲ ಅಲ್ಲಿಂದ ಹುಟ್ಟುತ್ತದೆ.

ಹಿತದ ಮಾತನ್ನು ಮೊದಲು ಆಡೋಣ. ನನ್ನ ಸೇವೆಯ ಬಹುಭಾಗ ಕಾಲುವೆಗಳ ಮೇಲೆ ಕಳೆಯಿತು. ಕಾಲುವೆಯಷ್ಟು ಸ್ಪಷ್ಟವಾಗಿ ರಾಜಕೀಯವನ್ನು ಕಲಿಸುವ ಪಾಠಶಾಲೆ ಇನ್ನೊಂದಿಲ್ಲ. ಅಣೆಕಟ್ಟಿನ ಹತ್ತಿರ ಹೊಲ ಇರುವ ರೈತ ಹೇಳುತ್ತಾನೆ: "ಸರ್ಕಾರ ನಮ್ಮ ಹೊಲಕ್ಕೆ ಕೈ ಹಾಕಬಾರದು. ಯಾವ ಬೆಳೆ ಬೆಳೆಯಬೇಕೆಂಬುದು ನಮ್ಮ ಸ್ವಾತಂತ್ರ್ಯ." ಜೋಳ, ಹತ್ತಿ, ಶೇಂಗಾ ಲೆಕ್ಕ ಹಾಕಿ ಕಟ್ಟಿದ ಕಾಲುವೆಯಲ್ಲಿ ಅವನು ಕಬ್ಬು ಹಾಕಿರುತ್ತಾನೆ. ಅದೇ ಕಾಲುವೆಯ ಟೇಲ್ ಎಂಡ್ ರೈತ ಹೇಳುತ್ತಾನೆ: "ಸರ್ಕಾರ ಸತ್ತು ಹೋಗಿದೆಯೇನು? ಪೊಲೀಸರನ್ನು ಕರೆತಂದು ಮೇಲಿನವರ ಪಂಪ್‌ಸೆಟ್ ಕಿತ್ತು ಹಾಕಿಸಿ." ಇಬ್ಬರೂ ಒಂದೇ ಜಾತಿ, ಒಂದೇ ಮಠದ ಭಕ್ತರು, ಒಂದೇ ಪಕ್ಷಕ್ಕೆ ಮತ ಹಾಕಿದವರು. ಸರ್ಕಾರ ಎಂದರೆ ಏನು, ಅದು ಎಷ್ಟು ಬಲವಾಗಿರಬೇಕು ಎಂಬ ಪ್ರಶ್ನೆಗೆ ಅವರ ಉತ್ತರ ಮಾತ್ರ ಹೊಲ ಎಷ್ಟನೇ ಕಿಲೋಮೀಟರಿನಲ್ಲಿದೆ ಎಂಬುದರ ಮೇಲೆ ನಿಂತಿರುತ್ತದೆ.

ನಮ್ಮ ಬದುಕೂ ಒಂದು ಕಾಲುವೆ. ಇಪ್ಪತ್ತನೇ ವಯಸ್ಸಿನಲ್ಲಿ ನಮ್ಮಲ್ಲಿ ಬಹುತೇಕರು ಟೇಲ್ ಎಂಡಿನಲ್ಲಿದ್ದೆವು. ನೌಕರಿ ಇರಲಿಲ್ಲ, ಮನೆ ಇರಲಿಲ್ಲ. ಹಂಚಿಕೆ ನ್ಯಾಯವಾಗಿರಬೇಕು ಎಂದು ಕೂಗುತ್ತಿದ್ದೆವು. ಅರವತ್ತರ ಹೊತ್ತಿಗೆ ಸೈಟು, ಪಿಂಚಣಿ, ಬ್ಯಾಂಕಿನ ಠೇವಣಿ ಎಲ್ಲ ಬಂದು ಅಣೆಕಟ್ಟಿನ ಹತ್ತಿರ ಸರಿದಿದ್ದೇವೆ. ಈಗ "ವ್ಯವಸ್ಥೆಯನ್ನು ಕದಡಬೇಡಿ" ಎನ್ನುತ್ತೇವೆ. ಇದರಲ್ಲಿ ಜ್ಞಾನ ಎಷ್ಟು, ಜಾಗದ ಬದಲಾವಣೆ ಎಷ್ಟು?

ಪಿಂಚಣಿಯ ವಿಷಯವನ್ನೇ ನೋಡಿ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರ ನಂತರ ಸರ್ಕಾರಿ ಸೇವೆಗೆ ಸೇರಿದವರು ಹೊಸ ಪಿಂಚಣಿ ಯೋಜನೆಗೆ ಒಳಪಟ್ಟರು. ನನ್ನಂಥವರು ಹಳೆಯ ಪಿಂಚಣಿ ಪಡೆಯುತ್ತಿದ್ದೇವೆ. ತಿಂಗಳ ಮೊದಲ ವಾರ ಹಣ ಜಮಾ ಆದ ಸಂದೇಶ ನೋಡಿಕೊಂಡು, ಅದೇ ಮೊಬೈಲಿನಲ್ಲಿ "ಈಗಿನ ನೌಕರರಿಗೆ ಎಲ್ಲವೂ ಪುಕ್ಕಟೆ ಬೇಕು" ಎಂಬ ಸಂದೇಶವನ್ನು ಮುಂದಕ್ಕೆ ಕಳಿಸುವ ನಿವೃತ್ತರನ್ನು ನಾನು ಬಲ್ಲೆ. ಸರ್ಕಾರದ ಬೊಕ್ಕಸ ಇದನ್ನು ತಡೆದೀತೇ ಎಂಬುದು ನ್ಯಾಯವಾದ ಚರ್ಚೆಯೇ. ಆದರೆ ಆ ಚರ್ಚೆಯನ್ನು ಆರಂಭಿಸುವವನು ತಾನು ಎಲ್ಲಿ ನಿಂತು ಮಾತನಾಡುತ್ತಿದ್ದೇನೆ ಎಂಬುದನ್ನು ಮೊದಲು ಹೇಳಬೇಕು.

ಮೀಸಲಾತಿಯ ಕಥೆಯೂ ಇದೇ. 1975ರಲ್ಲಿ ಹಾವನೂರು ಆಯೋಗದ ವರದಿ ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಹೊರಗಿಟ್ಟಿತು. 1986ರಲ್ಲಿ ವೆಂಕಟಸ್ವಾಮಿ ಆಯೋಗದ ವರದಿಯೂ ಹಾಗೇ ಮಾಡಿದಾಗ ರಾಜ್ಯದಲ್ಲಿ ದೊಡ್ಡ ಪ್ರತಿಭಟನೆಯಾಯಿತು. ಈಗ ನಾವು 3ಬಿಯಲ್ಲಿದ್ದೇವೆ, ಪ್ರಮಾಣ ಶೇ. 5. 2ಎಗೆ ಸೇರಿಸಿ ಎಂಬ ಹೋರಾಟವೂ ನಡೆದಿದೆ. ಈ ಅವಧಿಯಲ್ಲಿ ಒಬ್ಬ ಸಾಮಾನ್ಯ ಮನುಷ್ಯನ ಅಭಿಪ್ರಾಯ ಹೇಗೆ ಸಾಗುತ್ತದೆ? ಒಳ್ಳೆಯ ಅಂಕ ಬಂದ ವಿದ್ಯಾರ್ಥಿಯಾಗಿದ್ದಾಗ "ಪ್ರತಿಭೆಯೇ ಮುಖ್ಯ" ಎನ್ನುತ್ತಾನೆ. ಮಗನ ಸಿಇಟಿ ಹತ್ತಿರ ಬಂದಾಗ ಜಾತಿ ಪ್ರಮಾಣಪತ್ರಕ್ಕಾಗಿ ತಹಸೀಲ್ದಾರ್ ಕಚೇರಿಗೆ ಅಲೆಯುತ್ತಾನೆ. ಮಗ ವಿದೇಶದಲ್ಲಿ ನೆಲೆಸಿದ ಮೇಲೆ ಮತ್ತೆ "ಪ್ರತಿಭೆಯೇ ಮುಖ್ಯ" ಎನ್ನುತ್ತಾನೆ. ಮೀಸಲಾತಿ ಯಾರಿಗೆ, ಎಷ್ಟು ಎಂಬುದು ಇಲ್ಲಿ ನನ್ನ ವಿಷಯವಲ್ಲ. ಎರಡು ಸಲ ಬದಲಾದ ಈ ಅಭಿಪ್ರಾಯಕ್ಕೂ ಅನುಭವಕ್ಕೂ ಸಂಬಂಧವಿಲ್ಲ ಎಂಬುದಷ್ಟೇ ನನ್ನ ಮಾತು. ತನ್ನ ಹಿತ ನೋಡಿಕೊಳ್ಳುವುದು ಅಪರಾಧವೇನಲ್ಲ. ಅದನ್ನು ಹಿತ ಎಂದೇ ಕರೆದರೆ ಸಾಕು, ಲೋಕಜ್ಞಾನ ಎಂದು ಕರೆಯಬೇಕಾಗಿಲ್ಲ.

ಎರಡನೆಯದು ಸಂಗ. ನೌಕರಿಯಲ್ಲಿದ್ದಾಗ ನಾವು ಎಲ್ಲ ತರಹದ ಜನರ ನಡುವೆ ಇದ್ದೆವು. ನೀರುಗಂಟಿ, ಗುತ್ತಿಗೆದಾರ, ಮಣ್ಣು ಹೊರುವ ಕೂಲಿ ಹೆಣ್ಣುಮಗಳು, ಜಗಳಕ್ಕೆ ಬಂದ ರೈತ, ಬೇರೆ ಧರ್ಮದ ಸಹೋದ್ಯೋಗಿ, ಬೇರೆ ಜಿಲ್ಲೆಯ ಮೇಲಧಿಕಾರಿ. ಇಷ್ಟವಿರಲಿ ಇಲ್ಲದಿರಲಿ, ಇವರೆಲ್ಲರ ಮಾತು ಕಿವಿಗೆ ಬೀಳುತ್ತಿತ್ತು. ನಿವೃತ್ತಿಯಾದ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಆ ಜನರೆಲ್ಲ ದೂರವಾಗುತ್ತಾರೆ. ಉಳಿಯುವುದು ಬೆಳಗಿನ ವಾಕಿಂಗ್ ಗೆಳೆಯರ ಗುಂಪು ಮತ್ತು ವಾಟ್ಸ್ಆ್ಯಪ್ ಗುಂಪು. ಎರಡರಲ್ಲೂ ನಮ್ಮಂಥವರೇ. ಒಂದೇ ವಯಸ್ಸು, ಒಂದೇ ವರ್ಗ, ಬಹುತೇಕ ಒಂದೇ ಜಾತಿ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಅನುಮೋದಿಸುತ್ತಾನೆ. ವರ್ಷ ಕಳೆಯುವುದರೊಳಗೆ ಎಲ್ಲರದ್ದೂ ಒಂದೇ ಸಿಟ್ಟು, ಒಂದೇ ಹೆದರಿಕೆ. ಬೆನ್ನಿಂಗ್ಟನ್ನಿನ ಅಧ್ಯಯನ ಹೇಳಿದ್ದೂ ಇದನ್ನೇ ಅಲ್ಲವೇ? ಅಭಿಪ್ರಾಯವನ್ನು ಹಿಡಿದಿಡುವುದೂ ಸಂಗ, ಬದಲಿಸುವುದೂ ಸಂಗ. ಶರಣರು ಸಂಗಕ್ಕೆ ಅಷ್ಟು ಮಹತ್ವ ಕೊಟ್ಟದ್ದು ಸುಮ್ಮನೆ ಅಲ್ಲ.

ಮೂರನೆಯದು ಅನುಭವ. ತನ್ನ ಹಿತವನ್ನೂ ತನ್ನ ಸಂಗವನ್ನೂ ದಾಟಿ, ಇನ್ನೊಬ್ಬರ ಬದುಕನ್ನು ಹತ್ತಿರದಿಂದ ಕಂಡು, ಅದರಿಂದ ನಿಲುವು ಬೆಳೆಯುವುದು. ಇದಕ್ಕೆ ಎಲ್ಲರೂ ಬಲ್ಲ ಒಬ್ಬ ಹಿರಿಯರ ಉದಾಹರಣೆ ಕೊಡುತ್ತೇನೆ.

1921ರಲ್ಲಿ ಮಹಾತ್ಮ ಗಾಂಧಿಯವರಿಗೆ 52 ವರ್ಷ. ಅಸ್ಪೃಶ್ಯತೆಯನ್ನು ಆಗಲೇ ಕಟುವಾಗಿ ವಿರೋಧಿಸುತ್ತಿದ್ದರು. ಆದರೆ ವರ್ಣಗಳ ನಡುವೆ ಸಹಭೋಜನ, ಅಂತರ್ಜಾತಿ ವಿವಾಹವನ್ನು ಹಿಂದೂ ಧರ್ಮ ಪ್ರೋತ್ಸಾಹಿಸುವುದಿಲ್ಲ ಎಂದು ಆ ವರ್ಷ "ಯಂಗ್ ಇಂಡಿಯಾ" ಪತ್ರಿಕೆಯಲ್ಲಿ ಬರೆದರು. 1932ರಲ್ಲಿ ಪುಣೆ ಒಪ್ಪಂದವಾಯಿತು. 1933ರ ನವೆಂಬರಿನಿಂದ ಸುಮಾರು ಒಂಬತ್ತು ತಿಂಗಳು ಅವರು ಹರಿಜನ ಯಾತ್ರೆ ಕೈಗೊಂಡು 12,500 ಮೈಲಿಯಷ್ಟು ಸುತ್ತಿದರು. 1934ರ ಆರಂಭದಲ್ಲಿ ಕರ್ನಾಟಕಕ್ಕೂ ಬಂದಿದ್ದರು. ಕೇರಿಗಳನ್ನು ಕಂಡರು, ವಿರೋಧವನ್ನೂ ಎದುರಿಸಿದರು. 1936ರಲ್ಲಿ ಅವರಿಗಿಂತ 21 ವರ್ಷ ಚಿಕ್ಕವರಾದ ಡಾ. ಅಂಬೇಡ್ಕರ್ "ಜಾತಿ ವಿನಾಶ" ಪ್ರಕಟಿಸಿ, ಅಂತರ್ಜಾತಿ ವಿವಾಹವಿಲ್ಲದೆ ಜಾತಿ ಅಳಿಯದು ಎಂದು ವಾದಿಸಿದರು. ಗಾಂಧಿ ಆಗ ಒಪ್ಪಲಿಲ್ಲ. "ಹರಿಜನ" ಪತ್ರಿಕೆಯಲ್ಲಿ ಉತ್ತರ ಬರೆದರು. ಆದರೆ ಯೋಚನೆ ನಿಲ್ಲಿಸಲಿಲ್ಲ. ಹತ್ತು ವರ್ಷದ ಬಳಿಕ, 1946ರಲ್ಲಿ, 76ರ ವಯಸ್ಸಿನಲ್ಲಿ ಅವರು ತಳೆದ ನಿಲುವೇನು? ವಧೂವರರಲ್ಲಿ ಒಬ್ಬರು ಹರಿಜನರಾಗಿದ್ದರೆ ಮಾತ್ರ ಸೇವಾಗ್ರಾಮದಲ್ಲಿ ಮದುವೆ. ಆಂಧ್ರದ ನಾಸ್ತಿಕ ಸುಧಾರಕ ಗೋರಾ ಅವರ ಮಗಳಿಗೂ ಒಬ್ಬ ದಲಿತ ತರುಣನಿಗೂ ಇಂಥ ಮದುವೆ ಗೊತ್ತಾಗಿತ್ತು. ಅದು ನಡೆದಾಗ ಗಾಂಧಿ ಇರಲಿಲ್ಲ. ಅವರ ಹತ್ಯೆಯಾದ ಕೆಲವೇ ವಾರಗಳಲ್ಲಿ, 1948ರಲ್ಲಿ, ಸೇವಾಗ್ರಾಮದಲ್ಲೇ ನಡೆಯಿತು.

ಐವತ್ತೆರಡರಲ್ಲಿ ಎಲ್ಲಿದ್ದರು, ಎಪ್ಪತ್ತಾರರಲ್ಲಿ ಎಲ್ಲಿಗೆ ಬಂದರು ನೋಡಿ. ವಯಸ್ಸು ಅವರನ್ನು ಹಿಂದಕ್ಕೆ ಎಳೆಯಲಿಲ್ಲ, ಮುಂದಕ್ಕೆ ನಡೆಸಿತು. ಒಂದೇ ವಿಷಯದ ಬಗ್ಗೆ ತನ್ನ ಎರಡು ಮಾತುಗಳು ಹೊಂದದಿದ್ದರೆ ನಂತರದ್ದನ್ನೇ ಸ್ವೀಕರಿಸಿ ಎಂದು 1933ರಲ್ಲೇ ಓದುಗರಿಗೆ ತಿಳಿಸಿದ್ದವರು ಅವರು. ಶರಣ ಬಂಧುಗಳಿಗೆ ಇನ್ನೊಂದು ಮಾತೂ ಹೊಳೆದಿರಬೇಕು. ಗಾಂಧಿ ತಲುಪಿದ ಆ ಜಾಗದಲ್ಲಿ 12ನೇ ಶತಮಾನದ ಕಲ್ಯಾಣ ಆಗಲೇ ನಿಂತಿತ್ತು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಲಗ್ನಕ್ಕಾಗಿ ಶರಣರು ತೆತ್ತ ಬೆಲೆ ನಮಗೆಲ್ಲ ಗೊತ್ತು.

ಅಂಬೇಡ್ಕರ್ ಅವರೂ ಬದಲಾದವರೇ. 1930ರಲ್ಲಿ ನಾಸಿಕದ ಕಾಳಾರಾಮ ದೇವಾಲಯದ ಪ್ರವೇಶಕ್ಕಾಗಿ ಸತ್ಯಾಗ್ರಹ ನಡೆಸಿದರು. ವರ್ಷಗಟ್ಟಲೆ ಹೋರಾಡಿದರೂ ಬಾಗಿಲು ತೆರೆಯಲಿಲ್ಲ. 1935ರಲ್ಲಿ ಯೇವಲಾದಲ್ಲಿ, ಹಿಂದೂವಾಗಿ ಸಾಯುವುದಿಲ್ಲವೆಂದು ಸಾರಿದರು. ಮುಂದೆ 21 ವರ್ಷ ಓದಿದರು, ಯೋಚಿಸಿದರು. 1956ರ ಅಕ್ಟೋಬರ್ 14ರಂದು, 65ನೇ ವಯಸ್ಸಿನಲ್ಲಿ, ನಾಗಪುರದಲ್ಲಿ ಬೌದ್ಧ ಧಮ್ಮ ಸ್ವೀಕರಿಸಿದರು. ಜಯಪ್ರಕಾಶ ನಾರಾಯಣರು ಮಾರ್ಕ್ಸ್‌ವಾದಿಯಾಗಿದ್ದರು, ಸಮಾಜವಾದಿಯಾದರು, ಸರ್ವೋದಯಕ್ಕೆ ಬಂದರು. 71ನೇ ವಯಸ್ಸಿನಲ್ಲಿ ಬಿಹಾರದ ವಿದ್ಯಾರ್ಥಿಗಳು ಕರೆದಾಗ ಅವರ ಜೊತೆ ಬೀದಿಗಿಳಿದರು. ಈ ಮೂವರ ದಾರಿ ಬೇರೆ ಬೇರೆ. ಸಮಾನವಾದ ಅಂಶ ಒಂದು: ಅವರ ಯಾವ ಬದಲಾವಣೆಯೂ ಅವರಿಗೆ ಸುಖ ತರಲಿಲ್ಲ, ಕಷ್ಟ ತಂದಿತು.

ಹಾಗೆಂದು ಹಿರಿಯರ ಎಚ್ಚರಿಕೆಯ ಮಾತಿಗೆ ಬೆಲೆ ಇಲ್ಲವೆಂದು ನಾನು ಹೇಳುವುದಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆದಾಗ ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿ. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ ಅಭಿವೃದ್ಧಿ ಕರದ ವಿರುದ್ಧ ಎದ್ದ ಆ ಬಂಡಾಯ ರಾಜ್ಯವನ್ನೇ ಅಲುಗಾಡಿಸಿತು. 1983ರ ಜನವರಿಯಲ್ಲಿ ರಾಜ್ಯ ಮೊದಲ ಕಾಂಗ್ರೆಸ್ಸೇತರ ಸರ್ಕಾರವನ್ನು ಕಂಡಿತು. ನೀರು ಸರಿಯಾಗಿ ತಲುಪುವ ಮೊದಲೇ ಕರ ಕೇಳುವುದು ಅನ್ಯಾಯ ಎಂದು ಅಂದು ನನಗೆ ಅನಿಸಿತ್ತು, ಇಂದಿಗೂ ಅದೇ ಅನಿಸಿಕೆ. ಮುಂದೆ ಇಲಾಖೆ ಸೇರಿ, ಬೇರೊಂದು ಕಾಲುವೆಯ ಟೇಲ್ ಎಂಡಿನಲ್ಲಿ ಕೆಲಸ ಮಾಡಿದಾಗ ಮತ್ತೊಂದು ಸಂಗತಿ ತಿಳಿಯಿತು. ನೀರಿನ ಕರ ಯಾರೂ ಕಟ್ಟದಿದ್ದರೆ ಹೂಳು ತೆಗೆಯಲು ಹಣವಿರುವುದಿಲ್ಲ. ಹೂಳು ತೆಗೆಯದಿದ್ದರೆ ಮೊದಲು ಒಣಗುವುದು ಕೊನೆಯ ತೂಬಿನ ಬಡ ರೈತನ ಹೊಲ. ಈ ಎರಡನೆಯ ತಿಳಿವಳಿಕೆ ಮೊದಲನೆಯದನ್ನು ಅಳಿಸಲಿಲ್ಲ, ಅದರ ಪಕ್ಕದಲ್ಲಿ ಬಂದು ಕೂತಿತು. ಈಗ ನೀರಾವರಿಯ ಬಗ್ಗೆ ಮಾತನಾಡುವಾಗ ಗುಂಡೇಟು ತಿಂದ ರೈತನೂ ಕಣ್ಣ ಮುಂದೆ ಇರುತ್ತಾನೆ, ಕೊನೆಯ ತೂಬಿನ ರೈತನೂ ಇರುತ್ತಾನೆ. ಹಿರಿತನ ಎಂದರೆ ಇದು ಎಂದು ನಾನು ತಿಳಿದಿದ್ದೇನೆ. ಕಣ್ಣ ಮುಂದೆ ಇರುವ ಜನರ ಸಂಖ್ಯೆ ಹೆಚ್ಚುತ್ತಾ ಹೋಗಬೇಕು.

ಹೀಗೆಯೇ ತುರ್ತುಪರಿಸ್ಥಿತಿಯ 21 ತಿಂಗಳು ಪತ್ರಿಕೆಗಳು ಹೇಗೆ ಬಾಯಿ ಕಟ್ಟಿಕೊಂಡಿದ್ದವು, 1974ರ ಭೂಸುಧಾರಣೆಗೆ ಮೊದಲು ಗೇಣಿದಾರನ ಬದುಕು ಹೇಗಿತ್ತು ಎಂಬುದನ್ನು ಕಂಡವರು ನಾವು. ಮೂವತ್ತರ ತರುಣನಿಗೆ ಅದನ್ನು ಕಾಣುವ ಅವಕಾಶವಿಲ್ಲ. ಅವನಿಗೆ ಅದನ್ನು ಹೇಳುವುದು ನಮ್ಮ ಕರ್ತವ್ಯ. ಆದರೆ ಕಂಡದ್ದನ್ನು ಕಂಡಂತೆ ಹೇಳಬೇಕು. ತೀರ್ಪು ಅವನೂ ಕೊಡಲಿ.

ಕಟ್ಟಡ ಕೆಲಸ ಬಲ್ಲವರಿಗೆ ಒಂದು ವಿಷಯ ಗೊತ್ತು. ಕಾಂಕ್ರೀಟಿನ ಬಲವನ್ನು 28 ದಿನಕ್ಕೆ ಅಳೆಯುತ್ತೇವೆ. ದಿನ ಕಳೆದಂತೆ ಬಲ ಹೆಚ್ಚುತ್ತದೆ ನಿಜ, ಆದರೆ ಕ್ಯೂರಿಂಗ್ ಆಗಿರಬೇಕು. ದಿನವೂ ನೀರು ಕುಡಿಸದೆ ಬಿಸಿಲಿಗೆ ಬಿಟ್ಟರೆ ಎಷ್ಟು ದಿನ ಕಳೆದರೂ ಅದು ತನ್ನ ಪೂರ್ಣ ಬಲಕ್ಕೆ ಬರುವುದಿಲ್ಲ. ಮೇಲ್ಮೈ ಬಿರುಕು ಬಿಡುತ್ತದೆ. ಮನುಷ್ಯನಿಗೂ ಬರೀ ದಿನ ಕಳೆದರೆ ಸಾಲದು.

ಆದ್ದರಿಂದ ನಮ್ಮ ನಿಲುವು ಬದಲಾಗಿದೆ ಎನಿಸಿದಾಗ ನಮ್ಮನ್ನು ನಾವು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಈ ಬದಲಾವಣೆಯಿಂದ ಲಾಭ ಯಾರಿಗೆ, ನನಗೋ ನನಗಿಂತ ಕೆಳಗಿರುವವನಿಗೋ? ಈ ಮಾತನ್ನು ನಾನು ಯಾರಿಂದ ಕಲಿತೆ, ನನ್ನಂಥವರಿಂದಲೇ ಅಥವಾ ನನಗಿಂತ ಬೇರೆಯವರಿಂದಲೂ? ಈ ಬದಲಾವಣೆಯ ಬಳಿಕ ನಾನು ಯಾರ ಕಷ್ಟವನ್ನು ಹೊಸದಾಗಿ ಕಂಡೆ, ಯಾರ ಕಷ್ಟವನ್ನು ನೋಡುವುದನ್ನು ಬಿಟ್ಟೆ? ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ.

ಈ ಪ್ರಶ್ನೆಗಳನ್ನು ನಮ್ಮ ಚಳವಳಿಗೂ ಹಾಕಬೇಕು. 2017ರಲ್ಲಿ ಬೀದರ, ಬೆಳಗಾವಿ, ಕಲಬುರಗಿಗಳಲ್ಲಿ ಸ್ವತಂತ್ರ ಧರ್ಮದ ಮಾನ್ಯತೆಗಾಗಿ ಲಕ್ಷಾಂತರ ಜನ ಸೇರಿದರು. 2018ರ ಮಾರ್ಚಿನಲ್ಲಿ ರಾಜ್ಯ ಸಚಿವ ಸಂಪುಟ ನಾಗಮೋಹನ ದಾಸ್ ಸಮಿತಿಯ ವರದಿ ಒಪ್ಪಿತು. ಮೇ ತಿಂಗಳ ಚುನಾವಣೆ ಮುಗಿದ ಮೇಲೆ ಅಂದು ವೇದಿಕೆಯಲ್ಲಿ ಮುಂದಿದ್ದ ಹಲವರು ಮೌನವಾದರು. ಓದಿ, ಚರ್ಚಿಸಿ, ವಿಚಾರ ಬದಲಾಗಿ ಮೌನವಾದವರಿದ್ದರೆ ಅವರಿಗೆ ಗೌರವವಿದೆ, ಆ ವಿಚಾರವನ್ನು ಅವರು ಬಿಚ್ಚಿ ಹೇಳಲಿ. ಟಿಕೆಟ್ಟಿನ ಲೆಕ್ಕದಲ್ಲಿ, ಸಂಗದ ಒತ್ತಡದಲ್ಲಿ ಮೌನವಾಗಿದ್ದರೆ ಅದಕ್ಕೆ ಪ್ರಬುದ್ಧತೆ ಎಂಬ ಹೆಸರು ಬೇಡ. ಅಂದು ಅವರ ಮಾತು ಕೇಳಿ ಬಸ್ಸು ಹತ್ತಿ ಬಂದ ತರುಣರು ಇದನ್ನೆಲ್ಲ ನೋಡುತ್ತಿದ್ದಾರೆ.

ತರುಣರಿಗೂ ಒಂದು ಮಾತು. ಮೊಬೈಲಿನ ಗುಂಪಿನಲ್ಲಿ ನಿಮ್ಮಂಥವರ ಮಾತನ್ನಷ್ಟೇ ಕೇಳಿ ರೂಪುಗೊಂಡ ಅಭಿಪ್ರಾಯವೂ ಸಂಗದ ಫಲವೇ, ಅನುಭವದ್ದಲ್ಲ. ಮೇಲಿನ ಮೂರು ಪ್ರಶ್ನೆಗಳು ಇಪ್ಪತ್ತೈದರ ವಯಸ್ಸಿಗೂ ಅನ್ವಯಿಸುತ್ತವೆ.

ಅನುಭವ ಮಂಟಪಕ್ಕೆ ಆ ಹೆಸರು ಇರುವುದನ್ನು ನೆನೆಯೋಣ. ಅಲ್ಲಿ ವಯಸ್ಸಿನ ಮೇಲೆ ಆಸನ ನಿಗದಿಯಾಗಿರಲಿಲ್ಲ. ಅಕ್ಕಮಹಾದೇವಿ ಬಂದಾಗ ಆಕೆ ಹರೆಯದ ಹೆಣ್ಣುಮಗಳು. ಅಲ್ಲಮಪ್ರಭುಗಳು ಕಠಿಣ ಪ್ರಶ್ನೆ ಕೇಳಿದರು, ಉತ್ತರಕ್ಕೆ ತಲೆಬಾಗಿದರು. ಚೆನ್ನಬಸವಣ್ಣನವರು ಬಸವಣ್ಣನವರ ಸೋದರಳಿಯ, ವಯಸ್ಸಿನಲ್ಲಿ ಚಿಕ್ಕವರು. ಸೋದರಮಾವನೇ ಅವರ ಜ್ಞಾನವನ್ನು ಹಿರಿದೆಂದು ಒಪ್ಪಿದರು. "ನಮ್ಮ ವಯಸ್ಸಿಗೆ ಬಾ" ಎಂಬ ಮಾತು ಆ ಮಂಟಪದಲ್ಲಿ ನಡೆದಿದ್ದರೆ ಇಂದು ನಮಗೆ ಅಕ್ಕನೂ ಇರುತ್ತಿರಲಿಲ್ಲ, ಚೆನ್ನಬಸವಣ್ಣನೂ ಇರುತ್ತಿರಲಿಲ್ಲ.

ಕೊನೆಯದಾಗಿ ಮಠಗಳ ಪೂಜ್ಯರಲ್ಲಿ, ಸಮಿತಿಗಳ ಹಿರಿಯರಲ್ಲಿ ಮೂರು ಬಿನ್ನಹಗಳು. ತಿಂಗಳಿಗೆ ಒಂದು ಶಿವಾನುಭವ ಗೋಷ್ಠಿಯಲ್ಲಿ 30 ವರ್ಷದೊಳಗಿನವರು ವಿಷಯ ಮಂಡಿಸಲಿ, ಹಿರಿಯರು ಪ್ರಶ್ನೆಯನ್ನಷ್ಟೇ ಕೇಳಲಿ, ಉಪದೇಶ ಬೇಡ. ಮಠದ ಶಿಕ್ಷಣ ಸಂಸ್ಥೆ, ಜಾತ್ರಾ ಸಮಿತಿ, ಪ್ರಸಾದ ನಿಲಯಗಳ ಆಡಳಿತದಲ್ಲಿ ತರುಣ ತರುಣಿಯರಿಗೆ ಜಾಗ ಕೊಡಿ, ಲೆಕ್ಕಪತ್ರ ಅವರ ಕೈಗೂ ಬರಲಿ. ನಿವೃತ್ತ ನೌಕರರನ್ನು ವಾರಕ್ಕೊಮ್ಮೆ ಹಳ್ಳಿಯ ಶಾಲೆಗೆ, ಕೇರಿಗೆ, ಆಸ್ಪತ್ರೆಗೆ ಕಳುಹಿಸಿ. ಕಾಯಕಕ್ಕೆ ನಿವೃತ್ತಿ ಇಲ್ಲ. ಕಾಯಕ ನಿಂತವನಿಗೆ ಹೊಸ ಅನುಭವ ಬರುವುದಿಲ್ಲ, ಹಳೆಯ ಸಿಟ್ಟು ಮಾತ್ರ ಬೆಳೆಯುತ್ತದೆ.

ಮನೆಯಲ್ಲಿ ನಾವು ಮಾಡಬಹುದಾದದ್ದು ಇನ್ನೂ ಸುಲಭ. ಮಗಳೋ ಮಗನೋ ನಮಗೆ ಒಪ್ಪದ ಮಾತು ಆಡಿದಾಗ "ನಮ್ಮ ವಯಸ್ಸಿಗೆ ಬಾ" ಎನ್ನುವ ಬದಲು "ಹಾಗೆ ಯಾಕೆ ಅನಿಸಿತವ್ವಾ, ಏನು ಕಂಡೆ ತಮ್ಮಾ?" ಎಂದು ಕೇಳೋಣ. ಉತ್ತರ ಮುಗಿಯುವವರೆಗೆ ಸುಮ್ಮನೆ ಕೇಳಿಸಿಕೊಳ್ಳೋಣ.